ಖಡಕ್‌ನಿಂದ ಕರಕ್‌ವರೆಗೆ: ಚಹಾ ಪ್ರಿಯರ ಉಡುಗೊರೆಗೊಂದು ಚರಿತ್ರೆ

ಡಿಸೆಂಬರ್ ಬಂತೆಂದರೆ ಅಲ್ ಗರಾಫಾದ ನಮ್ಮ ಮನೆಗಳಲ್ಲಿ ಒಂದೇ ಗಡಿಬಿಡಿ. 18ಕ್ಕೆ ಕತಾರಿನ ರಾಷ್ಟ್ರೀಯ ದಿನ, ಅದರ ಬೆನ್ನಿಗೆ ಕ್ರಿಸ್ಮಸ್, ಹೊಸ ವರ್ಷ, ನಡುವೆ ಮಕ್ಕಳಿಗೆ ರಜೆ. ಊರಿಗೆ ಹೊರಡುವವರು ದಿನಕ್ಕೆರಡು ಸಲ ಸೂಟ್‌ಕೇಸ್ ತೂಗಿ ನೋಡುತ್ತಾರೆ. ಇಲ್ಲೇ ಉಳಿಯುವವರು ಕಚೇರಿಯ ಗೆಳೆಯರಿಗೆ, ಮಕ್ಕಳ ಮೇಷ್ಟ್ರಿಗೆ, ಪಕ್ಕದ ವಿಲ್ಲಾದವರಿಗೆ ಏನು ಕೊಡುವುದೆಂದು ಎಜ್ದಾನ್ ಮಾಲ್ ಸುತ್ತುತ್ತಾರೆ. ಈ ದಿನಗಳಲ್ಲಿ ಸಂಘದ ಮಿತ್ರರು ನನ್ನನ್ನು ಕೇಳುವ ಪ್ರಶ್ನೆ ಒಂದುಂಟು: ಚಹಾ ಎಂದರೆ ಜೀವ ಬಿಡುವವರಿಗೆ ಯಾವ ಉಡುಗೊರೆ ಒಳ್ಳೆಯದು? ನಾನು ಚಹಾ ವ್ಯಾಪಾರಿಯಲ್ಲ, ಚಹಾದ ಚರಿತ್ರೆಯನ್ನು ಹವ್ಯಾಸಕ್ಕೆಂದು ಓದುವವನು. ಆದರೂ ಈ ಪ್ರಶ್ನೆಗೆ ಅಂಗಡಿಯಲ್ಲಿ ಸಿಗುವುದಕ್ಕಿಂತ ಒಳ್ಳೆಯ ಉತ್ತರ ಚರಿತ್ರೆಯಲ್ಲಿದೆ ಎಂದು ನನಗೆ ತೋರುತ್ತದೆ. ಚಹಾ ಲೋಕದಲ್ಲಿ ಹರಡಿದ್ದರಲ್ಲಿ ಉಡುಗೊರೆಯ ಪಾಲು ದೊಡ್ಡದು. ಹಾಗೆ ಹರಡುವ ದಾರಿಯಲ್ಲಿ ಅದು ಬೆಳೆದ ಊರಿನ ಹೆಸರನ್ನೂ ಕೊಯ್ದ ಕೈಯ ಗುರುತನ್ನೂ ಕಳೆದುಕೊಂಡಿತು. ಈ ಎರಡನ್ನೂ ತಿಳಿದವನಿಗೆ ಉಡುಗೊರೆ ಆರಿಸುವುದು ಕಷ್ಟವಾಗದು.

1638ರಲ್ಲಿ ಸೂರತ್‌ಗೆ ಬಂದ ಜರ್ಮನ್ ಪ್ರವಾಸಿ ಮಂಡೆಲ್ಸ್ಲೋ, ಅಲ್ಲಿನ ಇಂಗ್ಲಿಷ್ ವರ್ತಕರು ಒಟ್ಟಿಗೆ ಕುಳಿತಾಗ ಚಹಾ ಕುಡಿಯುತ್ತಿದ್ದರೆಂದು ಬರೆದಿದ್ದಾನೆ. ಆಗ ಅದು ಚೀನಾದಿಂದ ಬರುತ್ತಿದ್ದ, ಹೊಟ್ಟೆಗೆ ಹಿತವೆಂದು ನಂಬಿದ್ದ ಒಂದು ಕಷಾಯ. 1662ರಲ್ಲಿ ಪೋರ್ಚುಗೀಸ್ ರಾಜಕುಮಾರಿ ಕ್ಯಾಥರೀನ್ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನನ್ನು ಮದುವೆಯಾದಳು. ಆ ಮದುವೆಯ ವರದಕ್ಷಿಣೆಯಾಗಿ ಬೊಂಬಾಯಿ ಇಂಗ್ಲಿಷರ ಕೈಸೇರಿತು, ಅವಳ ಚಹಾದ ಚಟ ಇಂಗ್ಲೆಂಡಿನ ಅರಮನೆ ಸೇರಿತು. ಎರಡು ವರ್ಷ ಕಳೆದು, 1664ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ದೊರೆಗೆ ಕಾಣಿಕೆ ಕೊಟ್ಟ ವಸ್ತುಗಳಲ್ಲಿ ಎರಡು ಪೌಂಡು ಎರಡು ಔನ್ಸ್ ಚಹಾವೂ ಇತ್ತು. ಅಂದರೆ ಒಂದು ಕಿಲೋಗಿಂತ ತುಸು ಕಡಿಮೆ. ದೊಡ್ಡವರನ್ನು ಒಲಿಸಿಕೊಳ್ಳಲು ಕೊಟ್ಟ ಆ ಸಣ್ಣ ಪೊಟ್ಟಣವೇ ನಮ್ಮ ವಿಷಯಕ್ಕೆ ಮೂಲಪುರುಷ ಎನ್ನಬಹುದು.

ಸಾಮಾನ್ಯ ಜನರಿಗೂ ಚಹಾ ಮೊದಲು ಬಂದದ್ದು ಬಿಟ್ಟಿಯಾಗಿಯೇ. ಬ್ರಿಟಿಷರು ಅಸ್ಸಾಮಿನಲ್ಲಿ ಬೆಳೆದ ಚಹಾ 1839ರ ಜನವರಿಯಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಅಲ್ಲಿಂದ ಮುಂದಕ್ಕೆ ಹಲವು ದಶಕ ಭಾರತ ಚಹಾ ಬೆಳೆಯಿತೇ ಹೊರತು ಕುಡಿಯಲಿಲ್ಲ. ನಮ್ಮ ಅಜ್ಜನ ಅಪ್ಪಂದಿರ ಕಾಲದಲ್ಲಿ ಸುಳ್ಯದ ಮನೆಗಳಲ್ಲಿ ಬೆಳಿಗ್ಗೆ ಇದ್ದದ್ದು ಗಂಜಿ, ಸಂಜೆ ಇದ್ದರೆ ಜೀರಿಗೆ ಕೊತ್ತಂಬರಿಯ ಕಷಾಯ. 1903ರಲ್ಲಿ ಸರ್ಕಾರ ಚಹಾ ರಫ್ತಿನ ಮೇಲೆ ಸೆಸ್ ಹಾಕಿತು, ಆ ಹಣವನ್ನು ಪ್ರಚಾರಕ್ಕೆ ಬಳಸಲು ಟೀ ಸೆಸ್ ಕಮಿಟಿ ಹುಟ್ಟಿತು. 1930ರ ದಶಕದಲ್ಲಿ ಲೋಕದ ಮಾರುಕಟ್ಟೆ ಕುಸಿದಾಗ ಕಮಿಟಿಯ ಕಣ್ಣು ನಮ್ಮವರ ಮೇಲೆ ಬಿತ್ತು. ಅದರ ನೌಕರರು ಊರೂರಿಗೆ, ಗಿರಣಿಗಳಿಗೆ, ರೈಲು ನಿಲ್ದಾಣಗಳಿಗೆ ಹೋಗಿ ಚಹಾ ಕುದಿಸಿ ಹಂಚಿದರು, ಮಾಡುವ ಕ್ರಮ ತೋರಿಸಿಕೊಟ್ಟರು. ಚಹಾ ಆರೋಗ್ಯಕ್ಕೆ ಕೆಟ್ಟದ್ದೆಂದು ಗಾಂಧೀಜಿ ಬರೆಯುತ್ತಿದ್ದ ಕಾಲವೂ ಅದೇ. ಹಂಚಿದವರು ಗೆದ್ದರೆಂದು ಬೇರೆ ಹೇಳಬೇಕಾಗಿಲ್ಲ.

ಟೀ ಬ್ಯಾಗಿನ ಕತೆಯೂ ಇದರ ಜಾತಿಯದೇ. ನ್ಯೂಯಾರ್ಕಿನ ವ್ಯಾಪಾರಿ ಥಾಮಸ್ ಸಲಿವನ್ 1908ರ ಸುಮಾರಿಗೆ ಗಿರಾಕಿಗಳಿಗೆ ಚಹಾದ ಮಾದರಿಯನ್ನು ಪುಟ್ಟ ರೇಷ್ಮೆ ಚೀಲಗಳಲ್ಲಿ ಕಳಿಸಿದನಂತೆ. ಅವರು ಬಿಚ್ಚಿ ಸುರಿಯುವುದನ್ನು ಬಿಟ್ಟು ಚೀಲ ಸಮೇತ ಬಿಸಿನೀರಿಗೆ ಇಳಿಸಿದರಂತೆ. ಈ ಕತೆಗೆ ‘ಅಂತೆ’ ಬೇಕೇ ಬೇಕು. ಏಕೆಂದರೆ ಅಮೆರಿಕದ ಮಿಲ್ವಾಕಿಯ ಇಬ್ಬರು ಹೆಂಗಸರು, ರಾಬರ್ಟಾ ಲಾಸನ್ ಮತ್ತು ಮೇರಿ ಮೆಕ್ಲಾರೆನ್, ಅಂಥದ್ದೇ ಬಟ್ಟೆಯ ಚೀಲಕ್ಕೆ 1903ರಲ್ಲಿಯೇ ಪೇಟೆಂಟ್ ಪಡೆದಿದ್ದರು. ವ್ಯಾಪಾರಿಯ ಹೆಸರು ಉಳಿಯಿತು, ಹೆಂಗಸರದು ಹಿಂದೆ ಬಿತ್ತು. ಚಹಾದ ಚರಿತ್ರೆಯಲ್ಲಿ ಇಂಥದ್ದು ಮತ್ತೆ ಮತ್ತೆ ಕಾಣಿಸುತ್ತದೆ.

ಇನ್ನು ಹೆಸರಿನ ವಿಚಾರ. ಲೋಕದ ಭಾಷೆಗಳೆಲ್ಲ ಈ ಸೊಪ್ಪನ್ನು ಹೆಚ್ಚುಕಡಿಮೆ ಎರಡೇ ಹೆಸರುಗಳಿಂದ ಕರೆಯುತ್ತವೆ, ಎರಡೂ ಚೀನಾದವೇ. ಅಲ್ಲಿನ ಹೆಚ್ಚಿನ ಕಡೆ ಇದು ‘ಚಾ’. ಒಳನಾಡಿನ ದಾರಿಯಲ್ಲಿ ಪರ್ಷಿಯಾಕ್ಕೂ, ಮಕಾವು ಬಂದರಿನ ಪೋರ್ಚುಗೀಸರ ಬಾಯಿಯಲ್ಲಿ ಕಡಲ ದಾರಿಗೂ ಈ ಹೆಸರೇ ಹೋಯಿತು. ಫುಜಿಯಾನ್ ತೀರದ ಆಡುಮಾತಿನಲ್ಲಿ ಅದು ‘ಟೆ’. ಡಚ್ಚರು ಅದನ್ನು ಯುರೋಪಿಗೆ ಒಯ್ದರು, ಇಂಗ್ಲಿಷರ ಕೈಯಲ್ಲಿ ‘ಟೀ’ ಆಯಿತು. ಕನ್ನಡದಲ್ಲಿ ಎರಡೂ ಇವೆ. ಹಳೆ ಮೈಸೂರಿನವರು ‘ಟೀ’ ಕುಡಿಯುತ್ತಾರೆ, ಧಾರವಾಡದವರು ‘ಚಹಾ’, ನಾವು ದಕ್ಷಿಣ ಕನ್ನಡದವರು ‘ಚಾ’. ಹಾಲಿಲ್ಲದ್ದು ನಮಗೆ ‘ಕಣ್ಣ ಚಾ’. ಬರೆಯುವ ಅರಬಿಯಲ್ಲಿ ‘ಚ’ ಇಲ್ಲದ್ದರಿಂದ ಅದು ‘ಶಾಯ್’ ಆಯಿತು. ಆದರೆ ಖಲೀಜಿನ ಆಡುಮಾತಿನಲ್ಲಿ ‘ಚ’ ಉಂಟು. ಕತಾರಿ ಹಿರಿಯರ ಬಾಯಲ್ಲಿ ಕೇಳಿ ನೋಡಿ, ಅವರು ನಮ್ಮಂತೆಯೇ ‘ಚಾಯ್’ ಎನ್ನುತ್ತಾರೆ.

ಎಲ್ಲಕ್ಕಿಂತ ರುಚಿಯಾದ ಶಬ್ದ ‘ಕರಕ್’. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಅದನ್ನು ಅರಬಿ ಎಂದು ತಿಳಿದಿದ್ದಾರೆ. ಹುಬ್ಬಳ್ಳಿಯ ಕಡೆಯವರಿಗೆ ಮಾತ್ರ ಅನುಮಾನ ಬರಬೇಕು, ಏಕೆಂದರೆ ಅವರು ಖಡಕ್ ರೊಟ್ಟಿ ತಿಂದು, ಖಡಕ್ ಚಹಾ ಕುಡಿದು, ಖಡಕ್ ಆಫೀಸರನ ಸುದ್ದಿ ಮಾತಾಡಿ ಬೆಳೆದವರು. ಹಿಂದಿಯ ‘ಕಡಕ್’ನಲ್ಲಿ ನಾಲಗೆ ಮಡಚಿ ಬಡಿಯುವ ಧ್ವನಿಯೊಂದಿದೆ. ಅರಬಿಗೆ ಅದು ಬಾರದು, ಹತ್ತಿರದ್ದು ‘ರ’. ಹೀಗೆ ‘ಕಡಕ್ ಚಾಯ್’ ಖಲೀಜಿಗೆ ಬಂದು ‘ಕರಕ್’ ಆಯಿತು. ವಿಶೇಷಣ ಉಳಿಯಿತು, ನಾಮಪದ ಬಿದ್ದುಹೋಯಿತು. ಜೋಳದ ಖಡಕ್ ರೊಟ್ಟಿಯೂ ದೋಹಾದ ಕರಕ್ ಲೋಟವೂ ಶಬ್ದದ ಲೆಕ್ಕದಲ್ಲಿ ಅಣ್ಣತಮ್ಮಂದಿರು.

ಈ ಶಬ್ದ ಬಂದ ದಾರಿ ಹೊಸದೇನೂ ಅಲ್ಲ. ಮಂಗಳೂರಿನ ಅಕ್ಕಿ ಮಸ್ಕತ್‌ಗೆ ಹೋಗುತ್ತಿತ್ತು. ಟಿಪ್ಪು ಸುಲ್ತಾನ್ ಮಸ್ಕತ್ತಿನಲ್ಲಿ ವ್ಯಾಪಾರದ ಕೋಠಿ ಇಟ್ಟಿದ್ದ, ಗಂಧ, ಮೆಣಸು, ಏಲಕ್ಕಿಗೆ ಅಲ್ಲಿ ಗಿರಾಕಿ ಇತ್ತು. ಆಗಿನ್ನೂ ನಮ್ಮ ನೆಲದಲ್ಲಿ ಚಹಾ ತೋಟಗಳಿರಲಿಲ್ಲ. ಅದಕ್ಕೂ ಹಿಂದೆ ಆ ಕಡೆಯಿಂದ ಈ ಕಡೆಗೆ ಬಂದದ್ದು ಕಾಫಿ. 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನಿನ ಮೋಖಾದಿಂದ ಏಳು ಬೀಜಗಳನ್ನು ಚಿಕ್ಕಮಗಳೂರಿನ ಗಿರಿಗೆ ತಂದರೆಂಬ ಐತಿಹ್ಯ ನಮ್ಮೆಲ್ಲರಿಗೂ ಗೊತ್ತು. ಇಲ್ಲಿನ ಮಜ್ಲಿಸ್‌ಗಳಲ್ಲಿ ಅತಿಥಿಗೆ ಮೊದಲು ಕೊಡುವುದು ಇಂದಿಗೂ ಏಲಕ್ಕಿ ಹಾಕಿದ ಗಹ್ವಾ. ಅರಬಿ ಕಾಫಿಯ ಈ ಉಪಚಾರವನ್ನು 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿದ ನಾಲ್ಕು ದೇಶಗಳಲ್ಲಿ ಕತಾರೂ ಒಂದು. ಕಾಫಿ ಅಲ್ಲಿಂದ ನಮ್ಮ ಮಲೆನಾಡಿಗೆ ಬಂದು ನಮ್ಮದೇ ಆಯಿತು, ನಮ್ಮ ಕಡೆಯ ಖಡಕ್ ಚಹಾ ಇಲ್ಲಿಗೆ ಬಂದು ಇವರದಾಯಿತು. ಲೆಕ್ಕ ಚುಕ್ತಾ ಎನ್ನೋಣವೇ?

ಚಹಾವನ್ನೂ ಅದನ್ನು ಕುದಿಸುವವರನ್ನೂ ಕರೆತಂದದ್ದು ಬೊಂಬಾಯಿಯ ಹಡಗುಗಳು. ಬ್ರಿಟಿಷ್ ಇಂಡಿಯಾ ಕಂಪನಿಯ ಉಗಿಹಡಗುಗಳು 1862ರಿಂದ ಬೊಂಬಾಯಿ, ಕರಾಚಿ, ಬುಶೇರ್, ಬಸ್ರಾ ನಡುವೆ ಓಡಾಡಿದವು. ಆ ಸಾಲಿನ ಕೊನೆಯ ಹಡಗು ‘ದ್ವಾರಕಾ’ 1982ರಲ್ಲಿ ನಿಂತಿತು. ಮುತ್ತಿನ ವ್ಯಾಪಾರವಿದ್ದಾಗ ಕತಾರಿನ ಮುತ್ತು ಹೋಗುತ್ತಿದ್ದದ್ದು ಬೊಂಬಾಯಿಗೆ, ಅಕ್ಕಿ, ಬಟ್ಟೆ, ಚಹಾ ಬರುತ್ತಿದ್ದದ್ದೂ ಅಲ್ಲಿಂದ. ಇಲ್ಲಿ ನಡೆಯುತ್ತಿದ್ದ ನಾಣ್ಯವೂ ನಮ್ಮ ರೂಪಾಯಿಯೇ. 1959ರಿಂದ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ನೋಟು ಅಚ್ಚು ಹಾಕಿತು. 1966ರ ಜೂನ್‌ನಲ್ಲಿ ರೂಪಾಯಿ ಅಪಮೌಲ್ಯವಾದ ಮೇಲೆ ಕತಾರ್ ಅದನ್ನು ಕೈಬಿಟ್ಟಿತು. ರೂಪಾಯಿ ಹೋದರೂ ಚಹಾ ಹೋಗಲಿಲ್ಲ. 1973ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ಕಾಸರಗೋಡು, ಮಂಗಳೂರು, ಉಡುಪಿ, ಭಟ್ಕಳದ ಹುಡುಗರು ತಂಡತಂಡವಾಗಿ ಬಂದರು. ಮಲಬಾರಿನವರೂ ಅವರೂ ಸೇರಿ ಕೆಫೆಟೇರಿಯಾಗಳ ಒಲೆ ಹೊತ್ತಿಸಿದರು.

ಕರಕ್‌ನ ಪಾಕ ಅವರ ಅಗತ್ಯದಿಂದ ಹುಟ್ಟಿದ್ದು. ಮರುಭೂಮಿಯ ಬಿಸಿಲಿನಲ್ಲಿ ಹಸಿ ಹಾಲು ನಿಲ್ಲುವುದಿಲ್ಲ. ಆದ್ದರಿಂದ ಡಬ್ಬಿಯ ಗಟ್ಟಿ ಹಾಲು, ಹೆಚ್ಚಾಗಿ ರೇನ್‌ಬೋ. ಅಂಥ ಹಾಲನ್ನು ಸೀಳಿ ಬಣ್ಣ ಬಿಡಬೇಕಾದರೆ ಎಲೆ ಚಹಾ ಸಾಲದು, ಪುಡಿಯೇ ಆಗಬೇಕು. ಆ ಪುಡಿಗೆ ಮೂಲ 1930ರ ಸುಮಾರಿಗೆ ಅಸ್ಸಾಮಿನ ಅಮ್ಗೂರಿ ತೋಟದಲ್ಲಿ ಮೆಕರ್ಚರ್ ಎಂಬ ವ್ಯವಸ್ಥಾಪಕ ರೂಪಿಸಿದ ಯಂತ್ರ. ಹಲ್ಲಿರುವ ಉರುಳೆಗಳ ನಡುವೆ ಸೊಪ್ಪನ್ನು ಜಜ್ಜಿ, ಹರಿದು, ಸುರುಳಿ ಮಾಡುವ ಆ ಕ್ರಮಕ್ಕೆ ಸಿಟಿಸಿ ಎಂದು ಹೆಸರು. ಸಣ್ಣ ಕಾಳಿನ ಈ ಪುಡಿ ಬೇಗ ಬಣ್ಣ ಬಿಡುತ್ತದೆ, ಒಂದು ಚಮಚೆಗೆ ಹೆಚ್ಚು ಲೋಟ ಬರುತ್ತದೆ. ಕೂಲಿಯವನ ಕೈಗೆ ಚಹಾ ಎಟಕುವಂತೆ ಮಾಡಿದ್ದು ಈ ಯಂತ್ರವೇ ಎಂದು ನಾನು ನಂಬುತ್ತೇನೆ. ದುಬಾರಿ ಎಲೆ ಚಹಾ ಕುಡಿಯುವವರು ಸಿಟಿಸಿ ಎಂದರೆ ಮೂಗು ಮುರಿಯುವುದು ನನಗೆ ಹಿಡಿಸುವುದಿಲ್ಲ.

ಈಗ ನನಗೆ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. 1980ರ ದಶಕದಲ್ಲಿ ಗಲ್ಫಿನಿಂದ ಊರಿಗೆ ಹೋಗುವ ಪೆಟ್ಟಿಗೆಯಲ್ಲಿ ಏನಿರುತ್ತಿತ್ತೆಂದು ನನ್ನ ವಯಸ್ಸಿನವರಿಗೆ ನೆನಪಿರಬಹುದು: ಟೈಗರ್ ಬಾಮ್, ಯಾರ್ಡ್ಲಿ ಪೌಡರ್, ನೀಡೋ ಹಾಲಿನ ಪುಡಿ, ಟ್ಯಾಂಗ್, ಮತ್ತು ಟೀ ಬ್ಯಾಗಿನ ಒಂದು ಡಬ್ಬಿ. ಸುಳ್ಯದ ನಮ್ಮ ಮನೆಗೆ ಸೋದರಮಾವ ತಂದ ಆ ಡಬ್ಬಿಯನ್ನು ಅಮ್ಮ ಒಂದು ವರ್ಷ ಗಾಜಿನ ಕಪಾಟಿನಲ್ಲಿಟ್ಟಿದ್ದರು. ಅದು ಕುಡಿಯಲು ಇದ್ದದ್ದಲ್ಲ, ಮಾವ ಅಲ್ಲಿ ಸುಖವಾಗಿದ್ದಾನೆ ಎಂಬುದಕ್ಕೆ ನೆಂಟರಿಗೆ ತೋರಿಸುವ ಸಾಕ್ಷಿ. ಕೊನೆಗೆ ಒಂದು ಹಬ್ಬದಲ್ಲಿ ಅದರ ಅರ್ಧದಷ್ಟನ್ನು ನೆರೆಮನೆಯ ಹೆಂಗಸಿಗೆ ಕೊಟ್ಟರು. ಆಕೆ ರಬ್ಬರ್ ತೋಟದ ಕಾಲೊನಿಯವರು.

ಆ ಕಾಲೊನಿಯ ಕತೆ ಹೇಳದೆ ಮುಂದೆ ಹೋಗಲಾರೆ. ಬ್ರಿಟಿಷರು ಸಿಲೋನಿನ ಗುಡ್ಡಗಳಿಗೆ ತಮಿಳುನಾಡಿನಿಂದ ಕೂಲಿಗಳನ್ನು ಕರೆದೊಯ್ದು ಚಹಾ ಬೆಳೆಸಿದರು. ಸ್ವಾತಂತ್ರ್ಯ ಬಂದ ವರ್ಷವೇ, 1948ರಲ್ಲಿ, ಅಲ್ಲಿನ ಪೌರತ್ವ ಕಾನೂನು ಅವರಲ್ಲಿ ಬಹುಮಂದಿಯನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು. 5,25,000 ಜನರನ್ನು ಭಾರತ ತೆಗೆದುಕೊಳ್ಳಬೇಕು, 3,00,000 ಜನರಿಗೆ ಸಿಲೋನ್ ಪೌರತ್ವ ಕೊಡಬೇಕು, ಉಳಿದ ಒಂದೂವರೆ ಲಕ್ಷದವರ ವಿಚಾರ ಆಮೇಲೆ ನೋಡೋಣ ಎಂದು. ಮನುಷ್ಯರನ್ನು ಹೀಗೆ ಗುಂಡು ಅಂಕೆಗಳಲ್ಲಿ ಹಂಚಿಕೊಂಡ ಒಪ್ಪಂದಗಳು ಕಡಿಮೆ. ಹಾಗೆ ಬಂದವರಲ್ಲಿ ಅನೇಕ ಕುಟುಂಬಗಳಿಗೆ ಸುಳ್ಯ, ಪುತ್ತೂರು ಭಾಗದಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟಿತು. ಚಹಾ ಕೊಯ್ಯುತ್ತಿದ್ದ ಬೆರಳುಗಳು ರಬ್ಬರ್ ಮರಕ್ಕೆ ಕತ್ತಿ ಹಾಕಲು ಕಲಿತವು.

ನೆರೆಮನೆಯ ಆ ಅಕ್ಕ ಬಾಲ್ಯದಿಂದ ಸಿಲೋನಿನ ತೋಟದಲ್ಲಿ ಕೊಯ್ದವರು. ಟೀ ಬ್ಯಾಗನ್ನು ಕೈಗೆ ತೆಗೆದುಕೊಂಡವರೇ ದಾರ ಕಿತ್ತು, ಚೀಲ ಹರಿದು, ಪುಡಿಯನ್ನು ಅಂಗೈ ಮೇಲೆ ಸುರಿದು ಬೆರಳಿನಿಂದ ಹರಡಿದರು. ಮೂಸಿದರು. ಇದು ಜರಡಿಯ ಅಡಿಯದ್ದು ಎಂದು ತಮಿಳು ಬೆರೆತ ಕನ್ನಡದಲ್ಲಿ ಅಮ್ಮನಿಗೆ ಹೇಳಿದರು. ಕಾರ್ಖಾನೆಯಲ್ಲಿ ಮೇಲಿನ ಜರಡಿಯಲ್ಲಿ ನಿಲ್ಲುವ ಉದ್ದ ಎಲೆ ಬಿಳಿಯರ ದೇಶಕ್ಕೆ, ನಡುವಿನದು ಪೇಟೆಗೆ, ಅಡಿಯ ಧೂಳು ತಮ್ಮಂಥವರ ಲೈನ್ ಮನೆಗೆ. ಆ ಅಡಿಯದ್ದಕ್ಕೆ ಕಾಗದದ ಅಂಗಿ ತೊಡಿಸಿ ಇಷ್ಟು ಅಂದ ಮಾಡಿದ್ದಾರಲ್ಲ ಎಂದು ಆಕೆಗೆ ನಗು. ಅಮ್ಮನಿಗೆ ತುಸು ಬೇಸರವಾಯಿತು. ನನಗೆ ಆಗ ಹತ್ತು ವರ್ಷ ದಾಟಿರಲಿಲ್ಲ, ಮಾತು ಮಾತ್ರ ನೆನಪಿನಲ್ಲಿ ಉಳಿಯಿತು. ಗಲ್ಫಿನಿಂದ ಬಂದ ಚಹಾ, ಅದನ್ನು ಕೊಯ್ಯುತ್ತಿದ್ದ ಕೈಗೇ ಉಡುಗೊರೆಯಾಗಿ ಸೇರಿದ್ದು ವಿಚಿತ್ರವೆಂದು ಹೊಳೆದದ್ದು ಬಹಳ ವರ್ಷಗಳ ಮೇಲೆ. ಡಬ್ಬಿಯ ಮೇಲೆ ಎಲ್ಲಿಯೂ ಅದು ಯಾವ ತೋಟದ್ದೆಂದು ಬರೆದಿರಲಿಲ್ಲ.

ಹೆಸರು ಅಳಿದದ್ದು ಹೇಗೆ? ಮೊದಲು ಚಹಾ ಮರದ ಪೆಟ್ಟಿಗೆಗಳಲ್ಲಿ ಹೋಗುತ್ತಿತ್ತು. ಒಳಗೆ ಸೀಸದ ತಗಡಿನ ಹೊದಿಕೆ, ಹೊರಗೆ ತೋಟದ ಹೆಸರಿನ ಅಚ್ಚು. ಹರಾಜಿನಲ್ಲಿ ಕೂಗುತ್ತಿದ್ದದ್ದು ಆ ಹೆಸರನ್ನೇ. ಅಲ್ಲಿಂದ ಮುಂದೆ ಮಿಶ್ರಣ ಮಾಡುವವನ ಕೈಗೆ ಬಿದ್ದರೆ ಆಯಿತು. ಹತ್ತಾರು ತೋಟಗಳ ಚಹಾವನ್ನು ಅಳತೆಯಲ್ಲಿ ಬೆರೆಸಿ, ವರ್ಷವಿಡೀ ಒಂದೇ ರುಚಿ ಬರುವಂತೆ ಮಾಡುವುದು ಅವನ ಕೆಲಸ. ಅದು ಸಣ್ಣ ವಿದ್ಯೆಯಲ್ಲ. ಆದರೆ ಅವನ ಮೇಜು ದಾಟಿದ ಮೇಲೆ ಅಮ್ಗೂರಿಯೂ ಇಲ್ಲ, ಹಪುತಳೆಯೂ ಇಲ್ಲ. ಕೆಂಪು, ಹಳದಿ ಲೇಬಲ್ಲುಗಳು ಮಾತ್ರ. ಇಂದು ಈ ಬೆರೆಸುವ ಕೆಲಸದ ದೊಡ್ಡ ಕೇಂದ್ರಗಳಲ್ಲಿ ಒಂದು ನಮ್ಮ ಪಕ್ಕದ ದುಬೈಯ ಜಬಲ್ ಅಲಿ. ಒಂದು ಚಹಾ ಗಿಡವೂ ಬೆಳೆಯದ ಆ ನೆಲದಲ್ಲಿ 2005ರಲ್ಲಿ ಚಹಾ ಕೇಂದ್ರ ತೆರೆಯಿತು. ಕೆನ್ಯಾ, ಶ್ರೀಲಂಕಾ, ಭಾರತದ ಚಹಾ ಅಲ್ಲಿ ಬಂದಿಳಿದು, ಬೆರೆತು, ಪೊಟ್ಟಣವಾಗಿ ಮತ್ತೆ ಹಡಗು ಹತ್ತುತ್ತದೆ.

ಸರಕು ಬರುವ ದಾರಿ ಎಷ್ಟು ಮುಖ್ಯವೆಂದು ನಮಗೆ ಅರ್ಥವಾದದ್ದು 2017ರ ಜೂನ್ 5ರಂದು. ಅದು ರಮದಾನ್ ತಿಂಗಳು. ನೆರೆಯ ದೇಶಗಳು ಗಡಿ ಮುಚ್ಚಿದವು, ಸೌದಿಯಿಂದ ಬರುತ್ತಿದ್ದ ಹಸಿ ಹಾಲು ನಿಂತಿತು, ಜಬಲ್ ಅಲಿಯಲ್ಲಿ ಹಡಗು ಬದಲಿಸಿ ಬರುತ್ತಿದ್ದ ಸರಕೂ ನಿಂತಿತು. ಕೆಲವೇ ದಿನಗಳಲ್ಲಿ ಓಮಾನಿನ ಸೊಹಾರ್, ಸಲಾಲಾ ಬಂದರುಗಳ ಮೂಲಕ ದಾರಿ ತೆರೆಯಿತು, ಆಮೇಲೆ ಮುಂದ್ರಾ ಮತ್ತು ನವಶೇವಾದಿಂದ ಹಮದ್ ಬಂದರಿಗೆ ನೇರ ಹಡಗು ಬಂತು. ಬೊಂಬಾಯಿಯ ಹಳೆಯ ದಾರಿಯೇ ಹೊಸ ಹೆಸರಿನಲ್ಲಿ ಮರಳಿತು ಎನ್ನಬೇಕು. ಜುಲೈಯಲ್ಲಿ ವಿಮಾನದಲ್ಲಿ ಹಸುಗಳು ಬಂದಿಳಿದದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದೆವು. ಆ ದಿನಗಳಲ್ಲಿ ಮನೆಯಲ್ಲಿ ಡಬ್ಬಿ ಹಾಲಿನ ಚಹಾ ಕುಡಿಯುವಾಗಲೆಲ್ಲ ನನಗೆ ಹಳೆಯ ಕೆಫೆಟೇರಿಯಾದವರ ಜಾಣ್ಮೆ ನೆನಪಾಗುತ್ತಿತ್ತು.

ಹಾಗಾದರೆ ಕನ್ನಡಿಗನೊಬ್ಬ ಹೆಸರಿರುವ ಚಹಾ ಕೊಡಬೇಕೆಂದರೆ ಎಲ್ಲಿಗೆ ಹೋಗಬೇಕು? ಡಾರ್ಜಿಲಿಂಗ್ ಭೌಗೋಳಿಕ ಗುರುತು ಪಡೆದ ಭಾರತದ ಮೊದಲ ವಸ್ತು, ಅದರ ಕೀರ್ತಿಯ ಬಗ್ಗೆ ನಾನು ಹೇಳಬೇಕಾದ್ದಿಲ್ಲ. ನಮ್ಮಲ್ಲೂ ಇದೆ ಎಂಬುದು ಹಲವರಿಗೆ ತಿಳಿಯದು. ಕರ್ನಾಟಕದಲ್ಲಿ ಚಹಾ ಇರುವುದು ಸುಮಾರು 2,000 ಹೆಕ್ಟೇರ್‌ನಲ್ಲಿ, ಕಾಫಿಯ ಮುಂದೆ ಏನೇನೂ ಅಲ್ಲ. ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಲ್ಲಿದೆ, ದಕ್ಷಿಣ ಕೊಡಗಿನ ಗ್ಲೆನ್‌ಲೋರ್ನಾ ತೋಟದಲ್ಲಿದೆ. ಕುದುರೆಮುಖದ ದಾರಿಯಲ್ಲಿ ಹೋದವರು ಹಸಿರು ಕತ್ತರಿಸಿಟ್ಟಂಥ ಗುಡ್ಡಗಳನ್ನು ನೋಡಿ ಫೋಟೊ ತೆಗೆದಿರುತ್ತಾರೆ, ಪೊಟ್ಟಣ ಕೊಂಡಿರುವುದಿಲ್ಲ.

ಇನ್ನೊಂದು ಚಹಾ ಗಡಿಯಾಚೆಯದು, ಆದರೂ ನಮ್ಮದು. ನೀಲಗಿರಿಯ ಬಡಗರ ಹೆಸರೇ ಅವರು ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯಿಂದ ಬಂದವರೆಂದು ಸಾರುತ್ತದೆ. ಅವರ ನುಡಿ ಕನ್ನಡಕ್ಕೆ ಅತಿ ಹತ್ತಿರದ್ದು, ಊರಿಗೆ ಅವರು ಇಂದಿಗೂ ‘ಹಟ್ಟಿ’ ಎನ್ನುತ್ತಾರೆ. ರಾಗಿ, ಸಾಮೆ, ಆಲೂಗಡ್ಡೆ ಬೆಳೆಯುತ್ತಿದ್ದ ಅವರು ಕಳೆದ ಶತಮಾನದ ನಡುವಿನಿಂದ ಚಹಾ ಹಾಕಿದರು. ಒಂದೆರಡು ಎಕರೆಯ ಸಣ್ಣ ಹಿಡುವಳಿ, ಮನೆಯವರದೇ ದುಡಿಮೆ, ಸೊಪ್ಪನ್ನು ಕಿಲೋ ಲೆಕ್ಕದಲ್ಲಿ ಕಾರ್ಖಾನೆಗೆ ಮಾರುವುದು. ನೀಲಗಿರಿ ಚಹಾಕ್ಕೆ ಸೋವಿಯತ್ ಒಕ್ಕೂಟ ದೊಡ್ಡ ಗಿರಾಕಿಯಾಗಿತ್ತು. ಅದು 1991ರಲ್ಲಿ ಒಡೆಯಿತು. ಆ ದಶಕ ಮುಗಿಯುವಷ್ಟರಲ್ಲಿ ಹಸಿ ಸೊಪ್ಪಿನ ಬೆಲೆ ನೆಲಕಚ್ಚಿ, ಹಟ್ಟಿಗಳ ಜನ ಬೀದಿಗಿಳಿದರು. ಮಾಸ್ಕೋದಲ್ಲಿ ಬಾವುಟ ಇಳಿದದ್ದಕ್ಕೆ ಕೋಟಗಿರಿಯ ಒಬ್ಬ ಬಡಗ ಅಜ್ಜಿ ಯಾಕೆ ದಂಡ ತೆರಬೇಕು? ತನ್ನ ಸೊಪ್ಪಿಗೆ ತನ್ನ ಊರಿನ ಹೆಸರು ಇಲ್ಲದಿದ್ದರೆ ತೆರಬೇಕಾಗುತ್ತದೆ. ಹೆಸರಿಲ್ಲದ ಸರಕನ್ನು ಯಾರಿಂದಲಾದರೂ ಕೊಳ್ಳಬಹುದು, ಯಾವಾಗ ಬೇಕಾದರೂ ಕೈಬಿಡಬಹುದು. ಅಲ್ಲಿನ ಸಹಕಾರಿ ಕಾರ್ಖಾನೆಗಳ ಒಕ್ಕೂಟ ಇಂಡ್ಕೋಸರ್ವ್ ಈಗ ಸಣ್ಣ ಬೆಳೆಗಾರರ ಚಹಾವನ್ನು ತನ್ನ ಹೆಸರಿನಲ್ಲೇ ಪೊಟ್ಟಣ ಮಾಡಿ ಮಾರುತ್ತದೆ. ಊಟಿಗೆ ಹೋದವರು ಚಾಕಲೇಟಿನ ಜೊತೆ ಇದನ್ನೂ ಹುಡುಕಬಹುದು.

ಪ್ರಶ್ನೆಗೆ ಮರಳಿದರೆ, ಮೊದಲು ನೋಡಬೇಕಾದ್ದು ಪಡೆಯುವವರು ಹಾಲು ಹಾಕುತ್ತಾರೋ ಇಲ್ಲವೋ ಎಂಬುದನ್ನು. ಹಾಲು ಹಾಕುವವರಿಗೆ ದುಬಾರಿ ಎಲೆ ಚಹಾ ಕೊಡುವುದು ರೇಷ್ಮೆ ಸೀರೆಯಲ್ಲಿ ನೆಲ ಒರೆಸಿದ ಹಾಗೆ. ಅವರಿಗೆ ಒಳ್ಳೆಯ ಸಿಟಿಸಿ ಪುಡಿ ಒಂದು ಕಿಲೋ, ಜೊತೆಗೆ ನಮ್ಮ ಸಕಲೇಶಪುರದ ಕಡೆಯ ಏಲಕ್ಕಿ ನೂರು ಗ್ರಾಂ, ಇದನ್ನು ಮೀರಿದ್ದಿಲ್ಲ. ಕಣ್ಣ ಚಾ, ಸುಲೈಮಾನಿ ಕುಡಿಯುವವರಿಗೆ ಎಲೆ ಚಹಾ, ತೋಟದ ಹೆಸರು ಇರುವಂಥದ್ದು. ನೀಲಗಿರಿಯಲ್ಲಿ ಡಿಸೆಂಬರಿನಿಂದ ಮಂಜಿನ ದಿನಗಳಲ್ಲಿ ಕೊಯ್ಯುವ ಚಹಾದ ಪರಿಮಳವೇ ಬೇರೆ, ಆದರೆ ಅದು ಕ್ರಿಸ್ಮಸ್ಸಿಗೆ ಕೈಗೆ ಸಿಗುವುದಿಲ್ಲ. ಡಿಸೆಂಬರಿನಲ್ಲಿ ‘ಈ ಚಳಿಗಾಲದ್ದು’ ಎಂದು ಮಾರುವವರನ್ನು ಕೊಯ್ದ ತಿಂಗಳು ಕೇಳಿ. ಪೊಟ್ಟಣದ ಮೇಲಿನ ಬಿ.ಓ.ಪಿ. ಎಂಬಂಥ ಅಕ್ಷರಗಳು ಎಲೆಯ ಗಾತ್ರವನ್ನು ಹೇಳುತ್ತವೆ, ರುಚಿಯನ್ನಲ್ಲ. ಅದನ್ನು ನಂಬಿ ದುಪ್ಪಟ್ಟು ಹಣ ಕೊಡಬೇಡಿ. ತಾರೀಕು ನೋಡಿ, ಕಿಟಕಿ ಇರುವ ಚೆಂದದ ಡಬ್ಬಿಗಿಂತ ಬೆಳಕು ಹೋಗದ ತಗಡಿನ ಡಬ್ಬಿ ಮೇಲು. ಸೂಟ್‌ಕೇಸಿನಲ್ಲಿ ಚಹಾವನ್ನು ಅತ್ತರು, ಊದು, ಸೋಪಿನ ಪಕ್ಕ ಇಡಬೇಡಿ. ಸುತ್ತಲಿನ ವಾಸನೆಯನ್ನೆಲ್ಲ ಹೀರುವ ವಸ್ತು ಅದು, ಹಿಂದಿನವರು ಪೆಟ್ಟಿಗೆಗೆ ಸೀಸದ ತಗಡು ಹೊದಿಸಿದ್ದು ಸುಮ್ಮನೆ ಅಲ್ಲ. ಇಲ್ಲಿಂದ ಊರಿಗೆ ಒಯ್ಯುವುದಾದರೆ ನನ್ನ ಮತ ಚಹಾಕ್ಕೆ ಬೇಡ. ಸೂಕ್ ವಾಕಿಫ್‌ನಲ್ಲಿ ಸಿಗುವ ಇಸ್ತಿಕಾನ ಲೋಟಗಳ ಒಂದು ಸೆಟ್ ಒಯ್ಯಿರಿ. ನಡು ಸಣ್ಣಗಿರುವ ಆ ಗಾಜಿನ ಲೋಟದ ಹೆಸರು ರಷ್ಯನ್ನರ ‘ಸ್ತಕಾನ್’ನಿಂದ ಬಂದದ್ದು. ಕಣ್ಣ ಚಾದ ಬಣ್ಣ ಅದರಲ್ಲಿ ಕಾಣುವ ಹಾಗೆ ಸ್ಟೀಲ್ ಲೋಟದಲ್ಲಿ ಕಾಣದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಉಡುಗೊರೆಯ ವಿಚಾರ ಉಳಿಯುತ್ತದೆ. ದಿನವಿಡೀ ಚಹಾ ಕುದಿಸುವವರಿಗೆ ಏನು ಕೊಡುವುದು? ಗರಾಫಾದ ನಮ್ಮ ಬೀದಿಯ ಕೆಫೆಟೇರಿಯಾದಲ್ಲಿ ಕರಕ್ ಕಾಯಿಸುವವರು ಕಾಸರಗೋಡಿನವರು. ನನ್ನೊಡನೆ ಕನ್ನಡದಲ್ಲಿ, ಪಕ್ಕದವನೊಡನೆ ಮಲಯಾಳದಲ್ಲಿ, ಊರಿಗೆ ಫೋನು ಮಾಡಿದಾಗ ತುಳುವಿನಲ್ಲಿ, ಕಾರಿನಲ್ಲಿ ಬಂದವರೊಡನೆ ಅರಬಿಯಲ್ಲಿ ಮಾತಾಡುತ್ತಾರೆ. ಕರಕ್ ಅವರು ಕುಡಿಯುವುದಿಲ್ಲ. ಕಳೆದ ರಜೆಯಲ್ಲಿ ಊರಿಗೆ ಹೋದಾಗ ಮಲೆನಾಡಿನ ಎಲೆ ಚಹಾ ಕಾಲು ಕಿಲೋ ತಂದು ಕೊಟ್ಟೆ. ಅವರು ಕೈ ಒರೆಸಿಕೊಂಡು ಪೊಟ್ಟಣದ ಮೇಲಿನ ತೋಟದ ಹೆಸರನ್ನು ಕನ್ನಡದಲ್ಲೇ ಗಟ್ಟಿಯಾಗಿ ಓದಿದರು, ಬಿಚ್ಚಿ ಮೂಸಿದರು. ಇದಕ್ಕೆ ಹಾಲು ಹಾಕಿದರೆ ಸತ್ತೇ ಹೋಗುತ್ತದೆ ಅಣ್ಣ, ಶುಕ್ರವಾರ ನಮಾಜಿನ ಹೊತ್ತಿಗೆ ಅಂಗಡಿ ಮುಚ್ಚುತ್ತೇವಲ್ಲ, ಆಗ ಕಣ್ಣ ಚಾ ಮಾಡುತ್ತೇನೆ, ನೀವೂ ಬನ್ನಿ ಎಂದರು. ಹೊರಗೆ ಲ್ಯಾಂಡ್ ಕ್ರೂಸರ್ ಒಂದು ಹಾರ್ನ್ ಹೊಡೆಯಿತು. ಪೊಟ್ಟಣವನ್ನು ರೇನ್‌ಬೋ ಡಬ್ಬಿಗಳ ಹಿಂದೆ ಸರಿಸಿ ಎರಡು ಕರಕ್ ಬಗ್ಗಿಸಿಕೊಂಡು ಹೋದರು.